ಕೂರುವ ಕಾನೂನು

ಸಂಜೆಯಾಗುವ ಹೊತ್ತಿಗೆ ದೊಡ್ಡಕ್ಕನ ಕಾಲುಗಳು ಅವಳ ಮಾತು ಕೇಳುತ್ತಿರಲಿಲ್ಲ. ಮೊಣಕಾಲಿನ ಹಿಂದೆ ನರಗಳು ನೀಲಿಗಟ್ಟಿ ಉಬ್ಬಿದ್ದವು. ಬಟ್ಟೆ ಅಂಗಡಿಯ ಕೆಲಸವೇ ಹಾಗೆ. ಬಾಗಿಲು ತೆಗೆದಾಗಿನಿಂದ ಹಾಕುವವರೆಗೆ ನಿಂತೇ ಇರಬೇಕು. ಗಿರಾಕಿ ಇರಲಿ, ಬಿಡಲಿ, ಗೋಡೆಗೂ ಒರಗುವಂತಿಲ್ಲ. ಸಾಹುಕಾರ ಮಾತ್ರ ಗಲ್ಲಾದ ಹಿಂದೆ ಮೆತ್ತನೆಯ ಕುರ್ಚಿಯಲ್ಲಿ ಕೂತು ಎಲ್ಲರ ಮೇಲೂ ಕಣ್ಣಿಟ್ಟಿರುತ್ತಿದ್ದ.

ಆ ದಿನ ಪರದೆ ಬಟ್ಟೆ ಮಾರುವ ಬಸುರಿ ಹುಡುಗಿ ನಿಂತಲ್ಲೇ ಕುಸಿದಳು. ಅವಳ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ ದೊಡ್ಡಕ್ಕ ನೇರ ಗಲ್ಲಾದ ಹತ್ತಿರ ಹೋದಳು.

"ಸಾಹುಕಾರ್ರೇ, ಒಂದೆರಡು ಸ್ಟೂಲ್ ಹಾಕ್ಸಿ. ಗಿರಾಕಿ ಇಲ್ದಾಗ ಕೂರ್ತೀವಿ."

"ಯಾವ ಕಾನೂನಲ್ಲಿ ಬರೆದಿದೆ? ತೋರ್ಸು, ಹಾಕಿಸ್ತೀನಿ." ಸಾಹುಕಾರ ಹೊಟ್ಟೆ ಕುಲುಕಿಸಿ ನಕ್ಕ.

ಆ ನಗು ಅವಳಿಗೆ ನಾಟಿತು. ರಜೆಯ ದಿನ ಕಾಲೆಳೆಯುತ್ತ ಸಾರ್ವಜನಿಕ ಗ್ರಂಥಾಲಯದ ಮೆಟ್ಟಿಲು ಹತ್ತಿದಳು.

"ಏನ್ ಬೇಕಮ್ಮ?" ಎಂದರು ಲೈಬ್ರರಿ ಮೇಡಂ.

"ಕೂರೋ ಕಾನೂನು."

ಮೇಡಂ ನಗಲಿಲ್ಲ. ವಿಷಯ ಕೇಳಿ ತಿಳಿದು, ಬೀರುವಿನಿಂದ ಕಾರ್ಮಿಕ ಕಾನೂನಿನ ದಪ್ಪ ಪುಸ್ತಕವೊಂದನ್ನು ಇಳಿಸಿ, ಕೊನೆಯಲ್ಲಿದ್ದ ಪದಸೂಚಿಯಲ್ಲಿ ಹುಡುಕುವ ಬಗೆ ತೋರಿಸಿದರು. ರಜೆ, ಗಾಳಿ, ಬೆಳಕು, ಕುಡಿಯುವ ನೀರು, ಎಲ್ಲವೂ ಇತ್ತು. ಕೂರುವುದು ಮಾತ್ರ ಇರಲಿಲ್ಲ.

"ಇದು ಹಳೇ ಮುದ್ರಣ. ಆಮೇಲೆ ತಿದ್ದುಪಡಿ ಆಗಿರಬೋದು. ಕಂಪ್ಯೂಟರಲ್ಲಿ ನೋಡೋಣ ಬನ್ನಿ."

ಮೊದಲು ತೆರೆದ ಜಾಲತಾಣ ಪಾಸ್‌ವರ್ಡ್ ಕೇಳಿತು. "ಇದು ದುಡ್ಡು ಕಟ್ಟಿದ ವಕೀಲರಿಗೆ," ಎಂದರು ಮೇಡಂ.

"ನಮ್ಮ ಕಾನೂನು ಓದೋಕೂ ದುಡ್ಡಾ?"

ಮೇಡಂ ಸರ್ಕಾರದ ತಾಣ ತೆಗೆದುಕೊಟ್ಟರು. ದೊಡ್ಡಕ್ಕ ಒಂದೊಂದೇ ಅಕ್ಷರ ಒತ್ತಿ 'ಕೂರುವುದು' ಎಂದು ಹುಡುಕಿದಳು. ಏನೂ ಬರಲಿಲ್ಲ.

"ಕಾನೂನಿಗೆ ನಮ್ಮ ಮಾತು ಬರಲ್ಲಮ್ಮ. 'ಆಸನ' ಅಂತ ಹಾಕಿ."

ಬಂತು. 'ನಿಂತು ಕೆಲಸ ಮಾಡುವ ಪ್ರತಿಯೊಬ್ಬ ನೌಕರರಿಗೂ ಸೂಕ್ತ ಆಸನವನ್ನು ಒದಗಿಸತಕ್ಕದ್ದು.' ಅವಳು ಪರದೆಯ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು.

ಮೇಡಂ ಇನ್ನೂ ಕೆಳಗೆ ಓದುತ್ತಿದ್ದರು. ಅವರ ಮುಖ ಬಾಡಿತು. "ಸರ್ಕಾರ ಅಧಿಸೂಚನೆ ಹೊರಡಿಸಿದ ದಿನದಿಂದ ಜಾರಿ ಅಂತಿದೆ." ಇಬ್ಬರೂ ಸೇರಿ ಸರ್ಕಾರದ ಆದೇಶಗಳು ಅಚ್ಚಾಗುವ ರಾಜ್ಯಪತ್ರದ ಸಂಪುಟಗಳ ಧೂಳು ಕೊಡವಿ ನೋಡಿದರು. ಕಂಪ್ಯೂಟರಿನಲ್ಲೂ ಜಾಲಾಡಿದರು. ಅಧಿಸೂಚನೆ ಇರಲೇ ಇಲ್ಲ. ಮೇಡಂ ಕಾರ್ಮಿಕ ಕಚೇರಿಗೆ ಫೋನು ಮಾಡಿದರು.

"ಫೈಲು ಮೇಲೆ ಹೋಗಿದೆ," ಎಂದಿತು ಆ ಕಡೆಯ ದನಿ.

"ಯಾವಾಗ ಹೋಗಿದ್ದು?"

ಫೋನು ಕಟ್ಟಾಯಿತು.

"ಕಾನೂನನ್ನೂ ನಿಲ್ಸಿಬಿಟ್ಟಿದಾರೆ ಅನ್ನಿ, ನಮ್ಮ ಹಾಗೆ," ಎಂದು ದೊಡ್ಡಕ್ಕ ಎದ್ದಳು.

ಮರುದಿನ ಬಟ್ಟೆ ಮಡಿಸುತ್ತ ಜೊತೆಯವರಿಗೆಲ್ಲ ವಿಷಯ ತಿಳಿಸಿದಳು. ಆಮೇಲೆ ಮುದ್ರಿಸಿ ತಂದಿದ್ದ ಹಾಳೆಯನ್ನು ಗಲ್ಲಾದ ಮೇಲಿಟ್ಟಳು. ಸಾಹುಕಾರ ಕೊನೆಯ ಸಾಲಿಗೆ ಬಂದವನೇ ಹಲ್ಲು ಕಿರಿದ.

"ಜಾರಿ ಆದ ದಿನ ಬಾ. ಆ ಬಸುರಿಗೂ ಹೇಳು, ನಿಲ್ಲೋಕಾಗದಿದ್ರೆ ನಾಳೆಯಿಂದ ಬರೋದು ಬೇಡ."

ಬಸುರಿ ಹುಡುಗಿಗೆ ಅದು ಕೇಳಿಸಿತು. ಹೊಟ್ಟೆಗೆ ಕೈಯಾನಿಸಿಕೊಂಡು ಅವಳು ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟಳು. ದೊಡ್ಡಕ್ಕ ಸುಸ್ತಾಗಿದ್ದಳು, ಜಗಳಕ್ಕೂ ತ್ರಾಣವಿರಲಿಲ್ಲ. ಹುಡುಗಿಯ ಪಕ್ಕದಲ್ಲಿ ತಾನೂ ಕೂತಳು. ಒಬ್ಬೊಬ್ಬರಾಗಿ ಉಳಿದವರೂ ಕೂತರು.

"ಏಳ್ರೇ! ಎಲ್ರನ್ನೂ ಮನೆಗೆ ಕಳಿಸ್ತೀನಿ!"

"ಕಳ್ಸಿ," ಎಂದಳು ದೊಡ್ಡಕ್ಕ ಕಾಲು ನೀಡಿಕೊಳ್ಳುತ್ತ.

ಅಷ್ಟರಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ಗಿರಾಕಿಗಳ ದೊಡ್ಡ ಗುಂಪೊಂದು ಒಳಗೆ ಬಂತು. ಯಾರೂ ಅಲುಗಲಿಲ್ಲ. ಸಾಹುಕಾರ ಎಲ್ಲರನ್ನೂ ದುರುಗುಟ್ಟಿ ನೋಡಿದ. ಕೊನೆಗೆ ಕುರ್ಚಿ ಬಿಟ್ಟು ತಾನೇ ಎದ್ದು ನಿಂತ.