ಹೆಚ್ಚಾದ ಬೆಣ್ಣೆ

ಹಾನಗಲ್ಲಿನ ಸಂತೆಗೆ ನಾನು ಹೋದಾಗ ಮಂಜು ಇನ್ನೂ ಕರಗಿರಲಿಲ್ಲ. ಮೆಂತ್ಯ ಸೊಪ್ಪು, ಹೊಸ ಬೆಲ್ಲ, ಸವಣೂರಿನ ವೀಳ್ಯದೆಲೆ, ಎಲ್ಲದರ ವಾಸನೆ ಮೊದಲು ಬರುತ್ತಿತ್ತು, ಮಾರುವವರ ಮುಖ ಆಮೇಲೆ. ಮೈಸೂರಿನಿಂದ ಸೊಸೆಯಾಗಿ ಬಂದ ನನಗೆ ನಿದ್ದೆಯಲ್ಲೇ ನಡೆದಾಡಿದ ಹಾಗಿತ್ತು. ಬಂದ ಕೆಲಸ ಮರೆತು ಬೆಲ್ಲದ ಅಚ್ಚುಗಳ ಮುಂದೆ ನಿಂತೆ. ಬೆಲ್ಲದವನು ಒಂದು ಚೂರು ಕೈಗಿಟ್ಟ. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದೆ.

ಮುಚ್ಚಿದ ಕಣ್ಣಿಗೆ ಅತ್ತೆಯೇ ಕಂಡರು. ಗೋಪಿಕಾಬಾಯಿಯವರು ಟೈಫಾಯಿಡ್‌ನಿಂದ ಎದ್ದರೂ ಅನ್ನ ಮುಟ್ಟುತ್ತಿರಲಿಲ್ಲ. ಏನು ಕೊಟ್ಟರೂ "ಮಣ್ಣು ತಿಂದಂಗ ಆಗ್ತದ" ಎಂದು ತಟ್ಟೆ ಸರಿಸುತ್ತಿದ್ದರು. ದಿನೇ ದಿನೇ ಸೊರಗುತ್ತಿದ್ದ ಅವರನ್ನು ನೋಡಿ ನನಗೆ ಭಯವಾಗಿತ್ತು. ಆ ದಿನ ಬೆಳಿಗ್ಗೆ ತಾವಾಗಿಯೇ ಅಂದರು: "ಆಡೂರ ಸರೋಜವ್ವನ ಬೆಣ್ಣಿ ಆದ್ರ ನೋಡೋಣಂತ." ಅಷ್ಟು ಸಾಕಿತ್ತು, ಡಬ್ಬಿ ಹಿಡಿದು ಓಡಿ ಬಂದಿದ್ದೆ. ಓಡಿ ಬಂದವಳು ಬೆಲ್ಲ ಚೀಪುತ್ತ ನಿಂತಿದ್ದೆ, ನೋಡಿ!

ಸರೋಜವ್ವ ಗಡಿಗೆಗೆ ಒದ್ದೆ ಬಟ್ಟೆ ಹೊದಿಸಿ ಕುಳಿತಿದ್ದಳು. ಬೆಣ್ಣೆ ಬೇಕೆಂದೆ.

"ಹೆಚ್ಚಾಗೇತಿ ನೋಡ್ರಿ."

ನನಗೆ ಸಂತೋಷವೋ ಸಂತೋಷ. "ಹೆಚ್ಚಾಗಿದ್ದರೆ ನನಗೇ ಹಾಕಿಬಿಡಿ" ಎಂದು ಡಬ್ಬಿ ಚಾಚಿದೆ. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು. ಪಕ್ಕದಲ್ಲಿ ಎಲೆ ಮಾರುತ್ತಿದ್ದ ಮುಮ್ತಾಜಬೇಗಂ ಸೆರಗು ಬಾಯಿಗೆ ಹಿಡಿದು ನಕ್ಕು, ಬಿಡಿಸಿ ಹೇಳಿದಳು:

"ಮುಗದೈತಿ ಅಂತ ಬಾಯಿಲೆ ಅನಬಾರ್ದವ್ವ. ಅದಕ್ಕ ಹೆಚ್ಚಾಗೇತಿ ಅಂತೇವಿ."

ಚಾಚಿದ ಕೈ ಹಾಗೇ ಉಳಿಯಿತು. ಅಳಬಾರದೆಂದರೂ ಅಳು ಬಂತು. ಅತ್ತೆಯ ವಿಷಯವೆಲ್ಲ ಅಲ್ಲೇ ಹೇಳಿಬಿಟ್ಟೆ. ಸರೋಜವ್ವ ಬೆನ್ನ ಹಿಂದಿದ್ದ ತನ್ನ ಬುತ್ತಿಯ ಗಂಟು ಬಿಚ್ಚಿ, ದಪ್ಪಗೆ ಬೆಣ್ಣೆ ಸವರಿದ ಜೋಳದ ರೊಟ್ಟಿಯನ್ನು ಮಡಚಿ ನನ್ನ ಡಬ್ಬಿಗೆ ಹಾಕಿದಳು.

"ಬಿಸಲೇರೂದ್ರಾಗ ಹೋಗ್ರಿ, ಕರಗತೈತಿ."

ಮಂಜಿನೊಳಗೆ ತೇಲಿಕೊಂಡೇ ಬಂದೆ. ಅರ್ಧ ದಾರಿಯಲ್ಲಿ ನೆನಪಾಯಿತು. ಬೆಣ್ಣೆ ಯಾರ ಮನೆಯದಾದರೂ ಅತ್ತೆಗೆ ನಡೆಯುತ್ತದೆ. ಬೇರೆಯವರ ಒಲೆಯ ರೊಟ್ಟಿ ನಡೆಯುವುದಿಲ್ಲ. ಮಡಿಯ ಹೆಂಗಸು, ಹೊರಗಿನ ಅಗುಳು ಮುಟ್ಟಿದವರಲ್ಲ. ಬೆಣ್ಣೆ ಕೆರೆದು ಕೊಡಲೇ, ಸುಳ್ಳು ಹೇಳಲೇ? ಎರಡಕ್ಕೂ ಮನಸ್ಸು ಒಪ್ಪಲಿಲ್ಲ. ಮನೆ ಮುಟ್ಟಿ ಡಬ್ಬಿಯನ್ನು ಅವರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ.

ಅತ್ತೆ ರೊಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಆಮೇಲೆ ಒಂದು ತುತ್ತು ಮುರಿದರು. ಇನ್ನೊಂದು. ಕರಗಿದ ಬೆಣ್ಣೆ ಅವರ ಮುಂಗೈಗೆ ಇಳಿಯುತ್ತಿತ್ತು.

"ಅತ್ತೆ, ಮಡಿ..."

"ಸುಮ್ಮನಿರು. ಬೆಣ್ಣಿ ತಾನ ರೊಟ್ಟೀನ ಕರಕೊಂಡು ಬಂದದ, ಅದನ್ನ ಬಾಗಲದಾಗ ನಿಂದರಸಲೇನು?"

ನನಗೆ ಕುಣಿಯುವಷ್ಟು ಖುಷಿ. ಕೊನೆಯ ಚೂರು ಬಾಯಿಗಿಡುವಾಗ ಅತ್ತೆಯ ಕೈ ನಿಂತಿತು.

"ಪ್ರಿಯಂವದಾ, ಇದು ಆಕಿ ಬುತ್ತಿ ಅಂದಿ. ಹಂಗಾದ್ರ ಮಧ್ಯಾಹ್ನ ಆಕಿ ಏನು ಉಣ್ತಾಳ?"

ನನಗೆ ಆ ಯೋಚನೆಯೇ ಬಂದಿರಲಿಲ್ಲ. ಅತ್ತೆ ಗೋಡೆ ಹಿಡಿದು ಎದ್ದರು. ಕಾಯಿಲೆ ಬಿದ್ದ ಮೇಲೆ ಒಲೆಯ ಹತ್ತಿರ ಸುಳಿಯದವರು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದರು. "ಅಕ್ಕಿ ಎಲ್ಲಿಟ್ಟೀ?" ಎಂದು ಅಲ್ಲಿಂದಲೇ ಕೂಗಿದರು.