ಇಬ್ಬರಿಗಾಗುವ ಕೋಟು, ಊರಿಗೆಲ್ಲ ಕಾಣುವ ಪಾಸ್‌ವರ್ಡ್

ಹೆಡ್ ನರ್ಸ್ ಹೊಸ ಬಿಳಿ ಕೋಟು ತೊಟ್ಟು ಹೊಲಿಗೆ ಅಂಗಡಿಯ ಕನ್ನಡಿ ಮುಂದೆ ನಿಂತರು. ತೋಳು ಮೊಣಕಾಲು ಮುಟ್ಟುತ್ತಿತ್ತು.

"ಟೈಲರ್ ಅವರೇ, ಇದರೊಳಗೆ ಇನ್ನೊಬ್ಬರು ನರ್ಸ್ ಸಿಕ್ಕಿಹಾಕಿಕೊಂಡಿದ್ದಾರಾ ಸ್ವಲ್ಪ ನೋಡಿ!"

"ಮೇಡಂ, ನನ್ನ ಕತ್ತರಿ ಸುಳ್ಳು ಹೇಳಲ್ಲ. ನೀವೇ ನಮ್ಮ ವೆಬ್‌ಸೈಟಲ್ಲಿ ತುಂಬಿದ ಅಳತೆ."

"ಎದೆ ಸುತ್ತಳತೆ ಅರವತ್ತೆರಡು ಇಂಚು ಅಂತ ನಾನು ತುಂಬ್ತೀನಾ? ಸೋಮವಾರ ಹೊಸ ವಾರ್ಡ್ ಶುರು. ನಲವತ್ತು ಕೋಟೂ ಶನಿವಾರಕ್ಕೆ ಸರಿಯಾಗಿ ಬರಬೇಕು. ಇಲ್ಲಾಂದ್ರೆ ಬೇರೆ ಅಂಗಡಿಗೆ ಹೋಗ್ತೀವಿ."

ಟೈಲರ್ ಮುಖ ಇಳಿಯಿತು. ಅಂಗಡಿಗೆ ಅಷ್ಟು ದೊಡ್ಡ ಆರ್ಡರ್ ಬಂದದ್ದು ಅದೇ ಮೊದಲು. ಸೈಟು ನೋಡಿಕೊಳ್ಳುವ ಮಗಳು ಲ್ಯಾಪ್‌ಟಾಪ್ ತೆರೆದವಳೇ ಕಿರುಚಿದಳು.

"ಅಪ್ಪಾ, ಯಾರೋ ಎಲ್ಲಾ ಅಳತೆ ತಿದ್ದಿದ್ದಾರೆ! ನಲವತ್ತೂ ಜನ ಆನೆ ಆಗಿಹೋಗಿದ್ದಾರೆ!"

ಮಹಡಿ ಮೇಲಿನ ಮನೆಯ ಅಕ್ಕನಿಗೆ ಕರೆ ಹೋಯಿತು. ಆಕೆಯ ಕೆಲಸವೇ ಸರ್ವರ್ ಕಾಯುವುದು. ಸರ್ವರ್ ಅಂದರೆ ಮತ್ತೇನಲ್ಲ, ದೂರದಲ್ಲೆಲ್ಲೋ ಹಗಲಿರುಳು ಓಡುವ ಕಂಪ್ಯೂಟರ್. ಅಂಗಡಿಯ ಸೈಟು ಇರುವುದು ಅದರೊಳಗೆ. ಅಕ್ಕ ಬಂದು ಸೈಟಿನ ಮೊದಲ ಪುಟದ ಫೋಟೋ ನೋಡಿ ನಗತೊಡಗಿದರು. ಫೋಟೋದಲ್ಲಿ ಟೈಲರ್ ಮೀಸೆ ತಿರುವಿ ನಿಂತಿದ್ದರು. ಹಿಂದೆ ಅಳತೆ ಬರೆಯುವ ಕಪ್ಪು ಹಲಗೆ. ಮರೆತುಹೋದೀತೆಂದು ಸರ್ವರಿನ ಪಾಸ್‌ವರ್ಡನ್ನೂ ಅವರು ಅದರ ಮೇಲೆಯೇ, ಸೊಂಟದಳತೆಗಳ ಕೆಳಗೆ, ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿದ್ದರು.

"ಮಾವ, ನಿಮ್ಮ ಮೀಸೆಗಿಂತ ಪಾಸ್‌ವರ್ಡೇ ಚೆನ್ನಾಗಿ ಬಿದ್ದಿದೆ ಫೋಟೋದಲ್ಲಿ!"

"ಬಡ ಟೈಲರ್ ಅಂಗಡಿಗೆ ಯಾರಮ್ಮ ಕನ್ನ ಹಾಕ್ತಾರೆ?"

"ಬಾಗಿಲು ತೆರೆದಿದ್ದರೆ ಬೀದಿ ದನಾನೂ ಒಳಗೆ ಬರುತ್ತೆ ಮಾವ. ಅದಕ್ಕೇನು ಶ್ರೀಮಂತರ ಮನೆಯೇ ಆಗಬೇಕಾ?"

"ಊರು ಕೊಳ್ಳೆ ಹೋಯ್ತು. ಈಗ ಕೋಟೆ ಬಾಗಿಲು ಹಾಕಿ ಏನು ಬಂತು?"

"ಕತ್ತರಿಸಿದ್ದು ಒಂದೇ ಕೋಟಲ್ವಾ? ಊರು ಪೂರ್ತಿ ಹೋಗಿಲ್ಲ, ಏಳಿ."

ಸರ್ವರ್ ಬಾಡಿಗೆಗೆ ಕೊಟ್ಟವರು ದಿನಕ್ಕೊಂದು ಪ್ರತಿ ತೆಗೆದಿಟ್ಟಿದ್ದರು. ಮಗಳು ಫೋನ್ ಮಾಡಿದಳು. ಅವರು ಕೆಟ್ಟದ್ದನ್ನೆಲ್ಲ ಅಳಿಸಿ, ಅಳತೆ ತಿದ್ದುವ ಮುಂಚಿನ, ನಾಲ್ಕು ದಿನ ಹಿಂದಿನ ಪ್ರತಿ ಕೂರಿಸಿಕೊಟ್ಟರು. ಅಳತೆಗಳು ಮರಳಿ ಬಂದವು, ಪಾಸ್‌ವರ್ಡ್ ಬದಲಾಯಿತು, ಮೀಸೆಯ ಫೋಟೋ ಸೈಟಿನಿಂದ ಇಳಿಯಿತು. ಮಗಳು ಆಸ್ಪತ್ರೆಗೆ ಫೋನ್ ಮಾಡಿ ಒಂದೊಂದನ್ನೂ ಓದಿ ಖಚಿತ ಮಾಡಿಕೊಂಡಳು.

"ಸರಿ, ಇನ್ಮೇಲೆ ಸರ್ವರ್ ಒಳಗೆ ಹೋಗೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು? ಒಂದು ಹೆಸರು ಹೇಳಿಬಿಡು," ಎಂದರು ಟೈಲರ್.

"ನಿಮ್ಮ ಹತ್ರ ಕತ್ತರಿ ಎಷ್ಟಿವೆ ಮಾವ?"

"ಬಟ್ಟೆಗೆ ದೊಡ್ಡದು, ದಾರಕ್ಕೆ ಚಿಕ್ಕದು, ಅಂಚಿಗೆ ಹಲ್ಲು ಇರೋದು. ಬಟ್ಟೆ ಕತ್ತರೀಲಿ ಯಾರಾದ್ರೂ ಕಾಗದ ಕತ್ತರಿಸಿದ್ರೆ ಕೈ ಮುರೀತೀನಿ!"

"ಇಲ್ಲೂ ಹಾಗೇ. ಕೆಲಸ ನೋಡಿ ಆರಿಸಬೇಕು."

ಅಕ್ಕ ಒಂದೊಂದಾಗಿ ತೆರೆದು ತೋರಿಸಿದರು. ಮಗಳು ಬಳಸುತ್ತಿದ್ದದ್ದು ತೀರಾ ಹಳೆಯದು. "ಇದು ಪೋಸ್ಟ್‌ಕಾರ್ಡ್ ಥರ. ನಿನ್ನ ಪಾಸ್‌ವರ್ಡನ್ನ ದಾರಿಯಲ್ಲಿ ಯಾರು ಬೇಕಾದ್ರೂ ಓದ್ಕೋಬಹುದು. ಮೊದಲು ಅಳಿಸು." ಇನ್ನೊಂದು ಬರೀ ಕಪ್ಪು ಕಿಟಕಿ. ಆಜ್ಞೆಗಳನ್ನು ಟೈಪ್ ಮಾಡಬೇಕು.

"ಇದೇನಮ್ಮ, ಟಿವಿ ಕೆಟ್ಟ ಹಾಗಿದೆ!"

"ಕಾಣೋಕೆ ಹಾಗೆ ಮಾವ. ಆದ್ರೆ ಅಂಟಿಸಿದ ಲಕೋಟೆ, ದಾರಿಯಲ್ಲಿ ಯಾರೂ ಓದಕ್ಕಾಗಲ್ಲ. ಸರ್ವರ್ ರಿಪೇರಿಗೆ ಇದೇ ಬೇಕು, ಕಲಿಯೋಕೆ ಮಾತ್ರ ಸ್ವಲ್ಪ ದಿನ ಹಿಡಿಯುತ್ತೆ."

ಮೂರನೆಯದರಲ್ಲಿ ಎಡಗಡೆ ನಮ್ಮ ಫೈಲುಗಳು, ಬಲಗಡೆ ಸರ್ವರಿನವು. ಎಳೆದು ಬಿಟ್ಟರೆ ಆಯಿತು, ದಾರಿ ಅದೇ ಲಕೋಟೆಯದು. ಫೋಟೋ ಹಾಕಲು ಮಗಳು ಅದನ್ನೇ ಆರಿಸಿಕೊಂಡಳು. ಸೈಟಿನ ಪುಟ ಬರೆಯಲು, ಅದೇ ದಾರಿಯಲ್ಲಿ ಸರ್ವರಿಗೆ ಕೂಡಿಕೊಳ್ಳುವ ಇನ್ನೊಂದನ್ನು ಇಟ್ಟುಕೊಂಡಳು. ಪ್ರತಿಯೊಂದನ್ನೂ ಅದನ್ನು ತಯಾರಿಸಿದವರ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳುವಂತೆ ಅಕ್ಕ ಮಾಡಿದರು.

"ಪಾಸ್‌ವರ್ಡ್ ಎಲ್ಲಿ ಬರೆದಿಡೋದು ಹಾಗಾದ್ರೆ?" ಟೈಲರ್ ಕಣ್ಣು ಗೋಡೆಯ ಕಪ್ಪು ಹಲಗೆಯ ಮೇಲೆಯೇ ಇತ್ತು.

"ಬರೆಯೋದೇ ಬೇಡ. ಬೀಗ ಸರ್ವರಲ್ಲಿ, ಕೀಲಿ ಅಂದ್ರೆ ಒಂದು ಫೈಲು, ಅದು ಇವಳ ಲ್ಯಾಪ್‌ಟಾಪಲ್ಲಿ. ಕೀಲಿಗೂ ಒಂದು ಗುಟ್ಟಿನ ವಾಕ್ಯ, ಅದು ಇವಳ ತಲೆಯಲ್ಲಿ. ನಾಳೆ ಇನ್ನೊಬ್ಬರು ಕೆಲಸಕ್ಕೆ ಬಂದ್ರೆ ಅವರಿಗೆ ಬೇರೆ ಕೀಲಿ. ಅವರು ಬಿಟ್ಟುಹೋದ್ರೆ ಅದೊಂದನ್ನೇ ರದ್ದು ಮಾಡಿದ್ರೆ ಮುಗೀತು. ಬರೀ ಪಾಸ್‌ವರ್ಡ್ ಹೇಳಿಕೊಂಡು ಬರೋರಿಗೆ ಇನ್ಮೇಲೆ ಪ್ರವೇಶವಿಲ್ಲ."

ಮೊದಲ ಸಲ ಸಂಪರ್ಕಿಸಿದಾಗ ಪರದೆಯ ಮೇಲೆ ಉದ್ದನೆಯ ಅಕ್ಷರಸಾಲು ಬಂತು, ಅದರ ಕೆಳಗೆ ಒಂದು ಪ್ರಶ್ನೆ: ಇದು ನಿಮ್ಮದೇ ಸರ್ವರ್ ಹೌದೇ?

"ಹೂಂ ಅನ್ನು ಮಗಳೇ, ಹೊತ್ತಾಯ್ತು," ಎಂದರು ಟೈಲರ್.

ಅಕ್ಕ ಅವಳ ಕೈ ಹಿಡಿದರು. "ಅಳತೆ ನೋಡದೇ ಬಟ್ಟೆ ಕತ್ತರಿಸ್ತೀರಾ ಮಾವ?"

ಟೈಲರ್ ಕನ್ನಡಕ ಏರಿಸಿ, ಸರ್ವರಿನವರು ಮೊದಲೇ ಕಳಿಸಿಕೊಟ್ಟಿದ್ದ ಸಾಲಿನ ಜೊತೆ ಪರದೆಯದನ್ನು ತಾವೇ ಒಂದೊಂದೇ ಅಕ್ಷರವಾಗಿ ಹೋಲಿಸಿ ನೋಡಿದರು. "ಹೊಂದುತ್ತೆ. ಈಗ ಹೂಂ ಅನ್ನು."

ಶನಿವಾರ ಹೆಡ್ ನರ್ಸ್ ಕೋಟಿನ ಗುಂಡಿ ಹಾಕಿ, ಎರಡೂ ಕೈ ಎತ್ತಿ, ಬಗ್ಗಿ, ಎದ್ದು ನೋಡಿದರು. ಎಲ್ಲೂ ಹಿಡಿಯಲಿಲ್ಲ, ಎಲ್ಲೂ ಜೋಲಲಿಲ್ಲ. ನಲವತ್ತು ಕೋಟುಗಳ ಗಂಟು ಆಸ್ಪತ್ರೆಗೆ ಹೊರಟಿತು.

ಪಕ್ಕದಂಗಡಿಯ ಕ್ಷೌರಿಕ ಇಣುಕಿ ಕೇಳಿದ, "ಅಣ್ಣಾ, ನಾನೂ ಸೈಟು ಮಾಡಿಸ್ತಿದ್ದೀನಿ. ಯಾವ ಸಾಫ್ಟ್‌ವೇರ್ ಹಾಕ್ಕೊಳ್ಲಿ?"

ಟೈಲರ್ ಗಂಟಲು ಸರಿಮಾಡಿಕೊಂಡರು. "ಹೆಸರು ಆಮೇಲೆ. ದಾರಿ ಅಂಟಿಸಿದ ಲಕೋಟೆ ಥರದ್ದಾ? ಕೀಲಿ ಒಪ್ಪುತ್ತಾ? ಮಾಡಿದವರು ಈಗಲೂ ಅದನ್ನ ರಿಪೇರಿ ಮಾಡ್ತಾ ಇದ್ದಾರಾ? ಮೊದಲು ಅದು ಕೇಳು. ಕೂತ್ಕೋ, ಹೇಳ್ತೀನಿ."

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಅಂಗಡಿಗೂ ಸಂಘಕ್ಕೂ ಸೈಟು ಇದೆಯಲ್ಲವೇ? ಅದನ್ನು ನೋಡಿಕೊಳ್ಳುವವರನ್ನು ಇವತ್ತೇ ಕೂರಿಸಿ ಇದೇ ಪ್ರಶ್ನೆಗಳನ್ನು ಕೇಳಿ. ದಿನದಿನದ ಪ್ರತಿ ಎಲ್ಲಿದೆ ಎಂದೂ ಕೇಳಿ. ಉತ್ತರ ಗೊತ್ತಿಲ್ಲ ಎಂದರೆ ನಾಚಿಕೆ ಬೇಡ, ತಿಳಿದವರನ್ನು ಕರೆಯಿರಿ. ನಿಮ್ಮನ್ನು ನಂಬಿ ಜನ ಕೊಟ್ಟ ವಿವರ ನಿಮ್ಮ ಕೈಯಲ್ಲಿದೆ. ಅದನ್ನು ಬೀಗ ಹಾಕಿ ಕಾಪಾಡಿ.