ಪರೀಕ್ಷೆಯವರೆಗೂ ಚಪಾತಿ

ನನ್ನ ಗಂಡ ಯೋಗೀಶ ಫರೀದಾಬಾದಿನ ಒಂದು ಕಾರ್ಖಾನೆಯಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳನ್ನು ಅಳೆದು ನೋಡಿ ಪಾಸು ಫೇಲು ಮಾಡುವ ಕೆಲಸದವರು. ಆ ಚಟ ಮನೆಗೂ ಬಂದಿತ್ತು. ಭಾನುವಾರ ಬೆಳಿಗ್ಗೆ ಕಾಫಿ ಇಳಿಯುವುದಕ್ಕೂ ಮೊದಲೇ ಮಗಳು ಗಾನವಿಯನ್ನು ಗೋಡೆಗೆ ಒರಗಿಸಿ, ನೆತ್ತಿಯ ಮೇಲೆ ಬಡಗಿಯ ಮೂಲೆಮಟ್ಟ ಇಟ್ಟು, ಸ್ಟೀಲ್ ಟೇಪು ಎಳೆಯುತ್ತಿದ್ದರು. ಎರಡೂವರೆ ವರ್ಷದ ಕೂಸು ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆಯೇ? ಕಾಲು ಎತ್ತುತ್ತಿದ್ದಳು, ಕುತ್ತಿಗೆ ಓರೆ ಮಾಡುತ್ತಿದ್ದಳು, ಕೊನೆಗೆ ಕುಸಿದು ಕೂತು ಅಳುತ್ತಿದ್ದಳು. ಇವರು ಬಿಡುತ್ತಿರಲಿಲ್ಲ.

“ಹೋದ ತಿಂಗಳು ಎಷ್ಟಿದ್ಲೋ ಅಷ್ಟೇ ಇದಾಳೆ ಕಣೇ ರತ್ನಾ.”

“ಅವಳೇನು ನಿಮ್ಮ ಕಾರ್ಖಾನೆ ಮಾಲೇನ್ರೀ? ಫೇಲ್ ಅಂತ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡ್ತೀರಾ?”

ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಆದರೆ ಅವರು ಸ್ನಾನಕ್ಕೆ ಹೋದ ಮೇಲೆ ಅದೇ ಟೇಪು ತೆಗೆದುಕೊಂಡು ನಾನೂ ಒಂದು ಸಲ ಅಳೆಯುತ್ತಿದ್ದೆ. ಎದುರು ಮನೆಯ ಭಾಟಿಯಾ ಆಂಟಿಯ ಮೊಮ್ಮಗ ನಮ್ಮವಳಿಗಿಂತ ಪೂರಾ ಒಂದು ವರ್ಷ ಚಿಕ್ಕವನು. ಪಾರ್ಕಿನಲ್ಲಿ ಇಬ್ಬರನ್ನೂ ಜೊತೆಗೆ ನೋಡಿದವರು ಅವಳಿ ಮಕ್ಕಳೇ ಎಂದು ಕೇಳುತ್ತಿದ್ದರು. ಹಾಗೆ ಕೇಳಿದ ದಿನ ನನಗೆ ಅನ್ನ ಸೇರುತ್ತಿರಲಿಲ್ಲ.

ಅನ್ನದ ವಿಷಯ ಬಂತಲ್ಲ, ಅಲ್ಲಿಂದಲೇ ಹೇಳಬೇಕು. ಬಾಣಂತನ ಮುಗಿಸಿಕೊಂಡು ತುಮಕೂರಿನಿಂದ ಮಗುವನ್ನು ಕರೆತಂದ ಮೇಲೆ ಅವಳು ರಾಗಿಸರಿ ಕುಡಿದು, ಮೆತ್ತಗಿನ ಅನ್ನ ಬೇಳೆ ತಿಂದು ಗುಂಡಗಿದ್ದಳು. ಗಿಡ್ಡವೇನೋ ಹೌದು. ನಾವಿಬ್ಬರೂ ಗಿಡ್ಡ, ಅದರಲ್ಲೇನು ಆಶ್ಚರ್ಯ? ಆದರೆ ವರ್ಷ ತುಂಬಿದ ದಿನ ಕೇಕು ತಿನ್ನಲು ಬಂದ ಭಾಟಿಯಾ ಆಂಟಿ ಅವಳ ಕೈ ಹಿಡಿದು ನೋಡಿ ಇವರಿಗೆ ಹೇಳಿದರು: “ಬೇಟಾ, ನೀವು ಮದ್ರಾಸಿಗಳು ಬರೀ ಚಾವಲ್ ಚಾವಲ್ ಅಂತ ತಿನ್ನಿಸಿದರೆ ಮಗು ಎಲ್ಲಿಂದ ಬೆಳೆಯಬೇಕು? ರೋಟಿ ಖಿಲಾವೋ. ನಮ್ಮ ಮಕ್ಕಳನ್ನು ನೋಡು.”

ಕಾರ್ಖಾನೆಯಲ್ಲಿ ನನ್ನ ಗಂಡನನ್ನು ಛೋಟೂ ಮದ್ರಾಸಿ, ಗಿಡ್ಡ ಮದ್ರಾಸಿ, ಎಂದು ಕರೆಯುತ್ತಾರೆ. ಅಲ್ಲಿ ಅವರು ಎಲ್ಲರ ಜೊತೆ ತಾವೂ ನಗುತ್ತಾರೆ. ಮನೆಗೆ ಬಂದು ಶೂ ಬಿಚ್ಚುವಾಗ ಮುಖ ನೋಡಬೇಕು. ಮಗಳಿಗೆ ಈ ಹೆಸರು ಬರಕೂಡದು ಎಂದು ಅವರ ಹಟ. ಮರುದಿನವೇ ಇಪ್ಪತ್ತು ಕಿಲೋ ಗೋಧಿ ಬಂತು, ಗಿರಣಿಗೆ ಹೋಯಿತು, ಹಿಟ್ಟಾಗಿ ವಾಪಸು ಬಂತು. ಬೆಳಿಗ್ಗೆ ಗೋಧಿ ನುಚ್ಚಿನ ದಲಿಯಾ, ಮಧ್ಯಾಹ್ನ ತುಪ್ಪ ಸವರಿದ ಚಪಾತಿ, ಸಂಜೆ ಬಿಸ್ಕತ್ತು, ರಾತ್ರಿ ಹಾಲಿನಲ್ಲಿ ಹಿಸುಕಿದ ಚಪಾತಿ. ಅನ್ನವನ್ನು ನಾವು ತಿನ್ನುತ್ತಿದ್ದೆವು, ಮಗುವಿನ ಕಣ್ಣಿಗೆ ಬೀಳದ ಹಾಗೆ.

ಆಮೇಲೆ ಅವಳ ಬೆಳವಣಿಗೆ ನಿಜಕ್ಕೂ ನಿಂತುಬಿಟ್ಟಿತು. ಕೈಕಾಲು ಸಣ್ಣಗಾದವು, ಹೊಟ್ಟೆ ಮಾತ್ರ ಉಬ್ಬಿತು. ದಿನಕ್ಕೆ ನಾಲ್ಕಾರು ಸಲ ಭೇದಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಸದಾ ರಚ್ಚೆ. ನಮ್ಮ ಸೆಕ್ಟರಿನ ಡಾಕ್ಟರು ಜಂತುಹುಳದ ಔಷಧಿ ಕೊಟ್ಟರು, ಟಾನಿಕ್ ಕೊಟ್ಟರು, ಕಬ್ಬಿಣದ ಸಿರಪ್ಪು ಕೊಟ್ಟರು, ಅದರಿಂದ ಅವಳ ಹಲ್ಲು ಕಪ್ಪಾಯಿತು. ಮತ್ತೊಬ್ಬರು ಮುಂಗೈ ಎಕ್ಸ್‌ರೇ ತೆಗೆಸಿ, ಮೂಳೆ ಇನ್ನೂ ಒಂದು ವರ್ಷದ ಮಗುವಿನದರ ಹಾಗಿದೆ, ಹಾರ್ಮೋನು ಇಂಜೆಕ್ಷನ್ ಬೇಕಾಗಬಹುದು, ದಿನಾ ಒಂದರಂತೆ ವರ್ಷಗಟ್ಟಲೆ, ಯೋಚನೆ ಮಾಡಿ ಎಂದರು. ದಿನಾ ಒಂದು ಇಂಜೆಕ್ಷನ್ನು, ಈ ಕಡ್ಡಿ ತೋಳಿಗೆ. ನಾನು ಆಟೋದಲ್ಲೇ ಅತ್ತೆ. ಇವರು ಅಂದರು, “ತಿನ್ನೋದು ಸಾಲ್ತಿಲ್ಲ ಕಣೇ. ಇನ್ನೊಂದು ಚಪಾತಿ ಜಾಸ್ತಿ ಮಾಡು.”

ಮಾಡಿದೆ. ತುತ್ತು ತುರುಕಿದೆ. ಮೂಗು ಹಿಡಿದೂ ತುರುಕಿದ್ದೇನೆ.

ಇಂಜೆಕ್ಷನ್ ಶುರು ಮಾಡುವ ಮೊದಲು ಇನ್ನೊಬ್ಬರ ಅಭಿಪ್ರಾಯ ಕೇಳೋಣ ಎಂದು ಹಟ ಹಿಡಿದು ದಿಲ್ಲಿಗೆ ಹೊರಡಿಸಿದವಳು ನಾನು. ಮಕ್ಕಳ ಕರುಳಿನ ತಜ್ಞೆ, ಡಾಕ್ಟರ್ ಸೂದ್ ಎಂದು. ಮೊದಲ ಸಲ ಹೊಟ್ಟೆ ಮುಟ್ಟಿ ನೋಡಿ ರಕ್ತ ಕೊಡಿಸಿ ಕಳಿಸಿದರು. ಎರಡನೆಯ ಸಲ ರಿಪೋರ್ಟು ಕೈಯಲ್ಲಿ ಹಿಡಿದುಕೊಂಡೇ ಹಿಂದಿಯಲ್ಲಿ ಕೇಳಿದರು, “ನೀವು ಕರ್ನಾಟಕದವರಲ್ಲವೇ? ಮಗುವಿಗೆ ಗೋಧಿ ಎಷ್ಟು ಕೊಡುತ್ತೀರಿ?”

ಯೋಗೀಶ ಕುರ್ಚಿಯಲ್ಲಿ ನೆಟ್ಟಗಾದರು. ಇಷ್ಟು ದಿನಕ್ಕೆ ಸರಿಯಾದ ಪ್ರಶ್ನೆ ಕೇಳುವವರು ಸಿಕ್ಕರು ಎಂಬಂತೆ ಖುಷಿಯಿಂದ ಶುರು ಮಾಡಿದರು. ದಲಿಯಾ ಹೇಳಿದರು, ಚಪಾತಿ ಹೇಳಿದರು, ಬಿಸ್ಕತ್ತು ಹೇಳಿದರು. “ನಾವು ದಕ್ಷಿಣದವರು ನಿಜ ಮೇಡಂ. ಆದರೆ ಇವಳಿಗೆ ಅನ್ನ ಮುಟ್ಟಿಸೋದೇ ಇಲ್ಲ,” ಎಂದರು. ಡಾಕ್ಟರು ಅವರ ಮಾತು ಮುಗಿಯುವವರೆಗೂ ಕಾದರು.

“ಈ ಮಗುವಿಗೆ ಗೋಧಿಯೇ ಆಗುವುದಿಲ್ಲ ಅಂತ ಕಾಣುತ್ತಿದೆ,” ಎಂದರು ನಿಧಾನವಾಗಿ. ಸೀಲಿಯಾಕ್ ಎಂದು ಕಾಯಿಲೆಯ ಹೆಸರು. ಗೋಧಿಯಲ್ಲಿರುವ ಒಂದು ಅಂಶಕ್ಕೆ ಕರುಳಿನ ಒಳಪದರ ಸವೆದುಹೋಗುತ್ತದೆ, ಆಮೇಲೆ ಏನು ತಿಂದರೂ ಮೈಗೆ ಹತ್ತುವುದಿಲ್ಲ. ಮೈಗೆ ಹತ್ತದಿದ್ದರೆ ಎತ್ತರ ಎಲ್ಲಿಂದ? ಗೋಧಿ ಬಿಡಿಸಿದರೆ ಬಹಳಷ್ಟು ಮಕ್ಕಳು ಬೆಳೆಯುತ್ತಾರೆ. ಹಾರ್ಮೋನು ಬೇಕಾಗುವುದಿಲ್ಲ.

“ರವೆ ಉಪ್ಪಿಟ್ಟು?” ಎಂದು ನಾನು ಕೇಳಿದೆ. ಆ ಹೊತ್ತಿಗೆ ಅದೊಂದೇ ಹೊಳೆದದ್ದು.

“ಅದೂ ಗೋಧಿಯೇ.”

ಇವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಡಾಕ್ಟರು ಮುಂದೆ ಹೇಳಿದ್ದೇ ಇನ್ನೂ ಕಷ್ಟದ್ದು. ರಕ್ತಪರೀಕ್ಷೆ ಅನುಮಾನ ಹುಟ್ಟಿಸುತ್ತದೆ ಅಷ್ಟೇ. ಬಾಯಿಯಿಂದ ನಳಿಗೆ ಇಳಿಸಿ ಕರುಳಿನ ಚೂರು ತೆಗೆದು ನೋಡಬೇಕು. ಸಿಕ್ಕ ದಿನಾಂಕ ಎರಡು ವಾರದ ಆಚೆಗಿನದು. “ಅಲ್ಲಿಯವರೆಗೂ ಗೋಧಿ ನಿಲ್ಲಿಸಕೂಡದು. ಈಗ ಹೇಗೆ ತಿನ್ನಿಸುತ್ತಿದ್ದೀರೋ ಹಾಗೇ ತಿನ್ನಿಸಿ. ನಿಲ್ಲಿಸಿದರೆ ಕರುಳು ಸುಧಾರಿಸಲು ಶುರುವಾಗುತ್ತದೆ, ಪರೀಕ್ಷೆಯಲ್ಲಿ ಏನೂ ಕಾಣದೆ ಹೋಗಬಹುದು. ಜೀವನಪೂರ್ತಿ ಗೋಧಿ ಬಿಡುವ ಮಾತಿದು. ಅನುಮಾನದ ಮೇಲೆ ಬಿಡಿಸಲು ಆಗುವುದಿಲ್ಲ.”

ವಾಪಸು ಬರುವಾಗ ದಿಲ್ಲಿ ದಾಟುವ ಬದರ್ಪುರದ ಗಡಿಯಲ್ಲಿ ಬಸ್ಸು ಎಂದಿನಂತೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಗಾನವಿ ನನ್ನ ತೊಡೆಯ ಮೇಲೆ ಮಲಗಿದ್ದಳು. ಇವರು ಒಮ್ಮೆಲೇ ಅಂದರು, “ಮನೆಗೆ ಹೋದ ತಕ್ಷಣ ಆ ಹಿಟ್ಟಿನ ಡಬ್ಬ ಎತ್ತಿ ಎಸೀತೀನಿ.”

“ಡಾಕ್ಟರ್ ಹೇಳಿದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತು. ವಿಷ ಅಂತ ಗೊತ್ತಾದ್ಮೇಲೂ ಹಾಕು ಅಂತೀಯಾ?”

“ಗೊತ್ತಾಗಿಲ್ಲ ಇನ್ನೂ. ಗೊತ್ತಾಗಲಿ ಅಂತಾನೇ ಹಾಕೋದು.”

ಮುಂದಿನ ಸೀಟಿನವರು ಹಿಂತಿರುಗಿ ನೋಡಿದರು. ಕನ್ನಡ ಅರ್ಥವಾಗದಿದ್ದರೂ ಜಗಳ ಎಲ್ಲರಿಗೂ ಅರ್ಥವಾಗುತ್ತದೆ.

ಮರುದಿನದಿಂದ ಅವರಿಗೆ ಮನೆಯಲ್ಲಿ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಾನು ಲಟ್ಟಣಿಗೆ ಕೈಗೆತ್ತಿಕೊಂಡರೆ ಎದ್ದು ಬಾಲ್ಕನಿಗೆ ಹೋಗುತ್ತಿದ್ದರು, ಅಲ್ಲಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ರಸ್ತೆಗೆ. ಟೇಪನ್ನು ಕಾರ್ಖಾನೆಗೆ ವಾಪಸು ತೆಗೆದುಕೊಂಡು ಹೋದರು. ಹೋದ ವಾರದವರೆಗೆ ತುತ್ತು ಉಳಿದರೆ ನನ್ನ ಮೇಲೆ ಹಾರಾಡುತ್ತಿದ್ದವರು ಈಗ ನನ್ನನ್ನೇ ಕೊಲೆಗಾರ್ತಿಯ ಹಾಗೆ ನೋಡುತ್ತಿದ್ದರು. ನನಗೇನು ಸುಖವಾಗಿತ್ತೇ? ಚಪಾತಿ ಉಬ್ಬಿದರೆ ಹೊಟ್ಟೆ ಉರಿಯುತ್ತಿತ್ತು. ಅವಳು ತಿಂದು ಹೊಟ್ಟೆ ಹಿಡಿದುಕೊಂಡು ಅತ್ತರೆ, ಅವಳನ್ನು ಹೆಗಲಿಗೆ ಹಾಕಿಕೊಂಡು ಎರಡು ಕೋಣೆಯ ಮನೆಯಲ್ಲಿ ಸುತ್ತುತ್ತಿದ್ದೆ. ಅತ್ತಿಂದಿತ್ತ, ಇತ್ತಿಂದತ್ತ. ಕೂತರೆ ಯೋಚನೆ ಬರುತ್ತಿತ್ತು.

ಮಧ್ಯೆ ಎರಡು ದಿನ ಇವರು ರಜೆ ಹಾಕಿ, ತಾವೇ ತಿನ್ನಿಸುತ್ತೇನೆ ಎಂದು ಚಪಾತಿಯ ತಟ್ಟೆ ಇಸಿದುಕೊಂಡರು, ಆಗ ಭೇದಿ ಸ್ವಲ್ಪ ಕಡಿಮೆಯಾದ ಹಾಗಾಯಿತು. ನನಗೆ ಖುಷಿಯ ಬದಲು ಅನುಮಾನ ಬಂತು. ಆ ಸಂಜೆ ತರಕಾರಿಗೆಂದು ಹೊರಟವಳು ಕೈಚೀಲ ಮರೆತು ಅರ್ಧ ದಾರಿಯಿಂದ ಹಿಂತಿರುಗಿದೆ. ಬಾಲ್ಕನಿಯಲ್ಲಿ, ಒಗೆದು ಹಾಕಿದ ಸೀರೆಯ ಮರೆಯಲ್ಲಿ, ನನ್ನ ಗಂಡ ಚಕ್ಕಳಮಕ್ಕಳ ಹಾಕಿ ಕೂತು ಮಗಳಿಗೆ ಮೊಸರನ್ನ ತಿನ್ನಿಸುತ್ತಿದ್ದರು. ಅವಳು ಸದ್ದಿಲ್ಲದೆ ಬಾಯಿ ತೆರೆದು ತೆರೆದು ತಿನ್ನುತ್ತಿದ್ದಳು. ಅವಳು ಹಾಗೆ ತಿಂದದ್ದನ್ನು ನಾನು ನೋಡಿ ವರ್ಷವೇ ಆಗಿತ್ತು.

ನನ್ನನ್ನು ನೋಡಿ ಗಾನವಿ ತಾನೇ ಹೇಳಿಬಿಟ್ಟಳು, “ಅಮ್ಮಾ, ಪಪ್ಪಾನೇ ಚಾವಲ್ ದಿಯಾ.”

“ಎಷ್ಟು ದಿನದಿಂದ್ರೀ?”

“ಮೊನ್ನೆಯಿಂದ. ಚಪಾತಿ ಹಸುವಿಗೆ ಹಾಕ್ದೆ.”

“ಟೆಸ್ಟಲ್ಲಿ ಏನೂ ಕಾಣದೇ ಹೋದ್ರೆ ಏನ್ಮಾಡ್ತೀರಿ? ಆ ಇಂಜೆಕ್ಷನ್ ಡಾಕ್ಟರ ಹತ್ರ ಹೋಗಿ ತೋಳು ಚುಚ್ಚಿಸ್ತೀರಾ? ಇಲ್ಲಾ ಜೀವಮಾನ ಪೂರ್ತಿ ಇದೇನೋ ಅದೇನೋ ಅಂತ ಒದ್ದಾಡ್ತೀರಾ? ನಿಮಗೆ ನೋಡೋಕಾಗಲ್ಲ ಅಂತ ಅವಳನ್ನ ಹಾಳುಮಾಡ್ತೀರಾ?”

ಅವರು ತಟ್ಟೆ ಕೆಳಗಿಟ್ಟರು. ಕೈಗೆ ಮೊಸರು ಹತ್ತಿತ್ತು. “ನಾನೇ ಕಣೇ ತಿನ್ನಿಸಿದ್ದು,” ಎಂದರು. “ಉದ್ದ ಆಗ್ಲಿ ಅಂತ ನಾನೇ ತಿನ್ನಿಸ್ದೆ. ಇನ್ನೊಂದು ತುತ್ತು ಅವಳ ಬಾಯಿಗೆ ಹಾಕು ಅಂತ ನನ್ ಕೈಲಿ ಹೇಳೋಕಾಗಲ್ಲ.” ಆಮೇಲೆ ಮಗುವಿನ ಮುಂದೆಯೇ ಬಿಕ್ಕಿದರು. ಮದುವೆಯಾದಾಗಿನಿಂದ ಅವರು ಅತ್ತದ್ದು ನಾನು ನೋಡಿರಲಿಲ್ಲ. ನನಗೆ ಅಪ್ಪಿಕೊಳ್ಳಬೇಕೆನ್ನಿಸಿತು, ಕೆನ್ನೆಗೆ ಬಾರಿಸಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಡಾಕ್ಟರಿಗೆ ಫೋನು ಹಚ್ಚಿದೆ.

ಡಾಕ್ಟರು ಬಯ್ಯಲಿಲ್ಲ. ಎರಡು ದಿನ ತಪ್ಪಿದ್ದರಿಂದ ಹೆಚ್ಚೇನೂ ಆಗದು, ಆದರೆ ಈ ಹೊತ್ತಿನಿಂದ ಒಂದು ದಿನವೂ ತಪ್ಪಕೂಡದು ಎಂದರು. ತಪ್ಪಿದರೆ ತಾರೀಖು ಮುಂದಕ್ಕೆ ಹಾಕಬೇಕಾಗುತ್ತದೆ, ಆಗ ಅಷ್ಟೂ ದಿನ ಗೋಧಿಯೇ. ಅಂದರೆ ನನ್ನ ಗಂಡ ಕರುಣೆಯಿಂದ ಕೊಟ್ಟ ಒಂದೊಂದು ತುತ್ತು ಅನ್ನಕ್ಕೂ ಮಗು ಮತ್ತಷ್ಟು ಚಪಾತಿ ತಿನ್ನಬೇಕಾಗುತ್ತಿತ್ತು. ನಾನು ಒಲೆ ಹಚ್ಚಿದೆ. ಇವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಮೊಸರನ್ನದ ರುಚಿ ನಾಲಿಗೆಗೆ ಬಿದ್ದ ಮೇಲೆ ಗಾನವಿ ಚಪಾತಿ ಮುಟ್ಟುವುದುಂಟೇ? ಹಲ್ಲು ಕಚ್ಚಿ ಕೂತಳು. ಸಕ್ಕರೆ ಸವರಿದೆ, ತುಪ್ಪ ಸವರಿದೆ, ಕಾಗೆ ತೋರಿಸಿದೆ, ಕೆಳಗೆ ಹೋಗುತ್ತಿದ್ದ ಬಲೂನು ಮಾರುವ ಭಯ್ಯಾನನ್ನು ತೋರಿಸಿದೆ. ಗದರಿದೆ. ಮೂಗು ಹಿಡಿಯಲು ಕೈ ಎತ್ತಿದವಳು ಹಿಡಿಯಲಾರದೆ ಬಿಟ್ಟೆ. ಹಿಂದೆ ಹಿಡಿಯುವಾಗ ಅವಳ ಒಳ್ಳೆಯದಕ್ಕೇ ಎಂಬ ನಂಬಿಕೆಯಿತ್ತು. ಅವಳು ತಲೆ ಅಲ್ಲಾಡಿಸುತ್ತ “ನಹೀ, ದಹೀ ಚಾವಲ್, ದಹೀ ಚಾವಲ್” ಎಂದು ಬೇಡುತ್ತಿದ್ದಳು. ಅವಳು ಕೇಳುತ್ತಿದ್ದದ್ದೇ ಸರಿ. ಅವಳ ಮೈಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಈಗ ಗೊತ್ತಿದ್ದೂ ಕೊಡುವಂತಿರಲಿಲ್ಲ.

ತುತ್ತು ಹಿಡಿದುಕೊಂಡೇ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಸದ್ದು ಮಾಡಬಾರದೆಂದುಕೊಂಡರೂ ಸದ್ದಾಯಿತು.

ಗಾನವಿ ರಂಪ ನಿಲ್ಲಿಸಿದಳು. ಹತ್ತಿರ ಬಂದು ತನ್ನ ಫ್ರಾಕಿನ ಅಂಚಿನಿಂದ ನನ್ನ ಕಣ್ಣು ಒರೆಸಲು ನೋಡಿದಳು. ಫ್ರಾಕು ಎಟುಕಲಿಲ್ಲ, ಹೊಟ್ಟೆ ಅಡ್ಡ ಬಂತು. ಕೈಯಿಂದಲೇ ಒರೆಸಿದಳು. “ಅಮ್ಮಾ, ಮತ್ ರೋ, ಅಳಬೇಡ,” ಎಂದು ನನ್ನ ಮುಂದೆ ಬಾಯಿ ತೆರೆದು ನಿಂತಳು.

ತುತ್ತು ಇಟ್ಟೆ. ಮುಖ ಹಿಂಡಿಕೊಂಡು ನುಂಗಿದಳು, ನಾನು ಅಳುವುದನ್ನು ನಿಲ್ಲಿಸಿದೆನೇ ಎಂದು ನೋಡಿದಳು, ಇಲ್ಲವೆಂದು ಕಂಡು ಮತ್ತೆ ಬಾಯಿ ತೆರೆದಳು. ಮೂರು ನಾಲ್ಕು ತುತ್ತಿನ ಹೊತ್ತಿಗೆ ನನ್ನ ಅಳು ತಾನಾಗಿ ಇಳಿಯುತ್ತ ಬಂದಿತ್ತು. ಅವಳ ತುಟಿ ಮುಚ್ಚತೊಡಗಿತು.

ಚಪಾತಿ ಇನ್ನೂ ಅರ್ಧ ಉಳಿದಿತ್ತು. ನಾನು ಅಳು ನಿಲ್ಲಿಸಲಿಲ್ಲ.